ಹಾಸನ ಬಸ್ ಸ್ಟ್ಯಾಂಡ್ ಬಳಿಯ ಜೆರಾಕ್ಸ್ ಅಂಗಡಿ: ಹಳೇ ಚುನಾವಣಾ ವರದಿಗೆ ಒಳ್ಳೆ ಪ್ರಿಂಟ್

1951-52ರ ಲೋಕಸಭಾ ಚುನಾವಣೆಯ ವರದಿಯನ್ನು ಇಲ್ಲಿ ಪ್ರಿಂಟ್ ಹಾಕಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿದೆ. ಪಿಡಿಎಫ್ ಉಚಿತವಾಗಿ ಸಿಗುತ್ತದೆ, ಆದರೆ ಮೊಬೈಲಿನಲ್ಲಿ ಅಷ್ಟೊಂದು ಪಟ್ಟಿ ಓದೋದು ಕಷ್ಟ ಅಲ್ವಾ? ಅಂಗಡಿಯ ಹುಡುಗ ತಾನಾಗೇ ಒಂದು ಹಾಳೆ ದೊಡ್ಡದು ಮಾಡಿ ತೋರಿಸಿದ. ಓಟಿನ ಅಂಕಿ ಒಂದೂ ಕಲಸಿಲ್ಲ.

ಆಗ 86 ಕ್ಷೇತ್ರಗಳಿಂದ ಇಬ್ಬಿಬ್ಬರು ಸಂಸದರು, ಉತ್ತರ ಬಂಗಾಳದಿಂದ ಮೂವರು! ಒಂದೇ ಕ್ಷೇತ್ರದ ಕೆಳಗೆ ಗೆದ್ದವರೆಲ್ಲರ ಹೆಸರು ನೋಡುವುದೇ ಖುಷಿ. 1961ರ ಕಾಯ್ದೆ ಇಬ್ಬರು ಸದಸ್ಯರ ಕ್ಷೇತ್ರಗಳನ್ನು ತೆಗೆದುಹಾಕಿತು. ನಮ್ಮ ಹಾಸನ-ಚಿಕ್ಕಮಗಳೂರಿಗೆ ಆಗಲೂ ಒಬ್ಬರೇ, ಕಾಂಗ್ರೆಸ್ಸಿನ ಎಚ್. ಸಿದ್ದನಂಜಪ್ಪ.

ಬೈಂಡಿಂಗ್ ತೂತು ಎಡಗಡೆಯ ಕ್ರಮಸಂಖ್ಯೆಗಳನ್ನು ತಿಂದಿದೆ, ಅದೊಂದು ಬೇಜಾರು. ಮಾರ್ಜಿನ್ ಜಾಸ್ತಿ ಬಿಡಲು ಮೊದಲೇ ಹೇಳಿ.