ಟಿಇಟಿ ಕ್ಲಾಸ್ ಛಲೋ ಅದ, ಗೆಸ್ಟ್ ಟೀಚರ್ ಪ್ಯಾಕೇಜ್ ಮಾತ್ರ ತಗೋಬ್ಯಾಡ್ರಿ

ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಇರೋ ಒಂದು ಕೋಚಿಂಗ್ ಸೆಂಟರ್ ಬಗ್ಗೆ ಬರೀಲಾಕತ್ತೀನಿ, ಹೆಸರು ಹೇಳಂಗಿಲ್ಲ, ನನ್ನ ಗೆಳತೇರು ಇನ್ನೂ ಅಲ್ಲೇ ಓದ್ಲಾಕತ್ಯಾರ. ನಾ ಸೇರಿದ್ದು ಟಿಇಟಿ, ಅಂದ್ರ ಶಿಕ್ಷಕರ ಅರ್ಹತಾ ಪರೀಕ್ಷೆ, ಅದರ ಪೇಪರ್ 2 (6ರಿಂದ 8ನೇ ಕ್ಲಾಸ್ ಕಲಿಸೋರದು), ಸಮಾಜ ವಿಜ್ಞಾನ, ಮೂರು ತಿಂಗಳ ಬ್ಯಾಚು. ಫೀಸ್ 8 ಸಾವಿರ ಅಂದಿದ್ರು, ಒಳಗ ಹೋಗಿ ಕೂತ ಮ್ಯಾಲ ನೋಟ್ಸಿಗಿ 1200 ಬ್ಯಾರೆ ಅಂದ್ರು.

ಮೊದ್ಲ ಛಲೋದ್ದು ಹೇಳ್ತೀನಿ. ಶಿಶು ವಿಕಸನ ಹೇಳೋ ಸರ್ ಒಬ್ರು ಅದಾರ, 150 ಮಾರ್ಕ್ಸಿನ್ಯಾಗ 30 ಅದರದೇ ಬರ್ತದಲ್ಲ, ಹುಡುಗ್ರ ಬುದ್ಧಿ ಹ್ಯಾಂಗ ಬೆಳೀತದ ಅಂತ ಹೇಳಿದ ಪಿಯಾಜೆ ಅಂದ್ರ ನಾ ಬಿಎಡ್ ಮಾಡುವಾಗ ಬರೇ ಬಾಯಿಪಾಠ ಹೊಡೆದಿದ್ದೆ, ಇವರು ಒಂದ್ ತಂಬಿಗಿ ನೀರು ತಂದು ಒಮ್ಮೆ ಬೋಗುಣಿಗಿ ಒಮ್ಮೆ ಉದ್ದನ ಗ್ಲಾಸಿಗಿ ಸುರುವಿ, ಮನ್ಯಾಗ ಸಣ್ಣ ಹುಡುಗ್ರಿಗಿ ಕೇಳಿ ನೋಡ್ರಿ ಯಾವುದ್ರಾಗ ಜಾಸ್ತಿ ಅದ ಅಂತ, ಅಂದ್ರು. ನನ್ನ 5 ವರ್ಷದ ಮಗನಿಗಿ ಕೇಳ್ದೆ, ಕಣ್ಣೆದುರಿಗೇ ಸುರುವಿದ್ರೂ ಉದ್ದ ಗ್ಲಾಸಿನ್ಯಾಗೇ ಜಾಸ್ತಿ ಅಂದ. ಆ ಪ್ರಶ್ನೆ ಇನ್ನ ಜನ್ಮದಾಗ ತಪ್ಪಂಗಿಲ್ಲ. ಜನರಲ್‌ನವರಿಗಿ 90 ಬೇಕು, ನೆಗೆಟಿವ್ ಮಾರ್ಕಿಂಗ್ ಇಲ್ಲ, ಒಂದೂ ಖಾಲಿ ಬಿಡಬ್ಯಾಡ್ರಿ ಅಂತ ದಿನಾ ತಲಿ ತಿಂದು ತಿಂದೇ ನನಗ ಪಾಸ್ ಮಾಡ್ಸಿದ್ರು.

ಈಗ ಕೌಂಟರಿನ ಕತಿ. ಪಾಸ್ ಆದ್ ಮ್ಯಾಲ "ಮೇಡಂ, ಪರ್ಮನೆಂಟ್ ಕಾಲ್ ಮಾಡೂದು ಯಾವಾಗೋ ಏನೋ, ಅಲ್ಲಿ ತನಕ ಗೆಸ್ಟ್ ಟೀಚರ್ ಮಾಡ್ರಿ, ನಮ್ ಕಡಿ ಲಿಂಕ್ ಅದ" ಅಂದು 2500 ತಗೊಂಡ್ರು. ಕೌಂಟರಿನಾತನ ಮಾತಿನ್ಯಾಗ ಅರ್ಧ ಖರೇ ಇತ್ತು. 2022ರಾಗ 15 ಸಾವಿರ ಪೋಸ್ಟ್ ಕರೆದಿದ್ರು, ಅದ್ರಾಗ 5 ಸಾವಿರ ನಮ್ ಕಲ್ಯಾಣ ಕರ್ನಾಟಕಕ್ಕೇ, ಆಗ ನಾ ಬಾಣಂತಿ. ಆ ಭರ್ತಿಗಿ ಇಂಟರ್‌ವ್ಯೂ ಇರಂಗಿಲ್ಲ, ಮಾರ್ಕ್ಸು, ಮೀಸಲಾತಿ, ಎಸಿ (ಸಹಾಯಕ ಆಯುಕ್ತರ) ಆಫೀಸಿನ 371ಜೆ ಸರ್ಟಿಫಿಕೇಟು, ಅಂದ್ರ ಕಲ್ಯಾಣ ಕರ್ನಾಟಕದವರು ಅನ್ನೋ ಪತ್ರ, ಇಷ್ಟೇ, ಯಾರ ತಮ್ಮ ಯಾರ ಸೊಸಿ ಅಂತ ಕೇಳಲಾಕ ಜಾಗಾನೇ ಇಲ್ಲ. ಗೆಸ್ಟ್ ಟೀಚರ್ ಹಂಗಲ್ರಿ. ಹೆಡ್ ಮಾಸ್ತರು ಮತ್ತ ಎಸ್‌ಡಿಎಂಸಿ (ಶಾಲಿ ಮೇಲುಸ್ತುವಾರಿ ಸಮಿತಿ) ಕೂಡಿ ಊರಾಗೇ ತಗೋತಾರ. ಮೆರಿಟ್ ನೋಡ್ರಿ ಅಂತ ಆರ್ಡರಿನ್ಯಾಗ ಇರ್ತದ, ಮೆಂಬರನ ಮನಿಯವರಿಗಿ ತಗೋಬ್ಯಾಡ್ರಿ ಅನ್ನೋ ಸಾಲು ನನ್ ಕಣ್ಣಿಗಂತೂ ಬೀಳ್ಲಿಲ್ಲ.

2500ಕ್ಕ ಕೊಟ್ಟಿದ್ದೇನು? ಶಾಲಿಗೋಳ ಹೆಸರಿನ ಒಂದು ಲಿಸ್ಟು, ಎರಡು ಪೇಜು, ಝೆರಾಕ್ಸು. ಅದ್ರಾಗ ನಮ್ಮೂರ ಶಾಲಿನೂ ಇತ್ತು. ಅರ್ಜಿ ಕೊಟ್ಟೆ, ಕೆಲಸ ಎಸ್‌ಡಿಎಂಸಿ ಮೆಂಬರ್ ಒಬ್ರ ತಮ್ಮನ ಹೆಂಡ್ತಿಗಿ ಆಯ್ತು. ಆಕಿ ಕಲಿಸೂದು ಕೆಟ್ಟಿಲ್ಲ, ನಮ್ ಮೈದುನನ ಮಗಳು ಆಕಿ ಕ್ಲಾಸಿನ್ಯಾಗೇ ಅದಾಳ, ಖುಷಿ ಅದಾಳ. ಆಕಿ ಮಾರ್ಕ್ಸ್ ನನಕಿಂತ ಜಾಸ್ತಿನೂ ಇರಬಹುದು. ಆದ್ರ ನೋಟಿಸ್ ಬೋರ್ಡಿಗಿ ಲಿಸ್ಟ್ ಹಚ್ಚಿದ್ರಲ್ಲ ಗೊತ್ತಾಗೂದು. ಖರೇ ಹೇಳ್ಬೇಕಂದ್ರ ನಾನೂ ನಮ್ ಮಾವಾರ ಕಡಿಂದ ಹೆಡ್ ಮಾಸ್ತರಿಗಿ ಒಂದ್ ಮಾತು ಹಾಕ್ಸಿದ್ದೆ, ಅವರ ವಶೀಲಿ ಸಾಕಾಗ್ಲಿಲ್ಲ ಅಷ್ಟೇ.

ಇದನ್ನ ಸಮಾಜ ವಿಜ್ಞಾನದ ಸರ್ ಮುಂದ ಅತ್ತಗೋತ ಹೇಳ್ದಾಗ ಅವರು ಬೋರ್ಡ್ ಮ್ಯಾಲ ವಂಶಾವಳಿ ಬರದು ಅಮೆರಿಕಾದ ಟೆಕ್ಸಾಸ್ ಕಾನೂನು ಹೇಳಿದ್ರು. ಅಲ್ಲಿ ಜನ ಓಟ್ ಹಾಕಿ ಸ್ಕೂಲ್ ಬೋರ್ಡ್ ಆರಿಸ್ತಾರಂತ, ಬೋರ್ಡ್ ಮೆಂಬರಿಗಿ ರಕ್ತಸಂಬಂಧದಾಗ ಮೂರನೇ ಡಿಗ್ರಿ ತನಕ, ಮದಿವಿ ಸಂಬಂಧದಾಗ ಎರಡನೇ ಡಿಗ್ರಿ ತನಕ ಯಾರನ್ನೂ ಆ ಶಾಲಿಗೋಳಿಗಿ ಕೆಲಸಕ್ಕ ತಗೋಳಂಗಿಲ್ಲ. ಡಿಗ್ರಿ ಅಂದ್ರ ಇಲ್ಲಿ ಸಂಬಂಧ ಎಷ್ಟು ಮೆಟ್ಟಿಲು ದೂರ ಅನ್ನೋ ಲೆಕ್ಕ. ತಮ್ಮನ ಹೆಂಡ್ತಿ ಎರಡನೇ ಡಿಗ್ರಿ, ಅಂದ್ರ ಬಂದ್. ಕಾಕಾನ ಮಗ ನಾಕನೇ ಡಿಗ್ರಿ, ಪಾರು! ಮೆಂಬರ್ ಆರಿಸಿ ಬಂದ ಎಲೆಕ್ಷನ್‌ಗಿಂತ 6 ತಿಂಗಳ ಮೊದ್ಲಿಂದ ಆ ಸಂಬಂಧಿಕರು ಕೆಲಸದಾಗ ಇದ್ರ ತೆಗಿಯಂಗಿಲ್ಲ, ಆದ್ರ ಆ ಒಬ್ಬರದೇ ವಿಷಯ ಮೀಟಿಂಗಿಗಿ ಬಂದ್ರ ಮೆಂಬರ್ ಬಾಯಿ ಮುಚ್ಚಿ ಕೂಡಬೇಕು. ನಮ್ ಕಡಿ ಅಕ್ಕನ ಮಗಳನ್ನೇ ಮದಿವಿ ಆಗೋರು ಅದಾರ, ಆಕಿಗಿ ರಕ್ತದ್ದು ಹಿಡೀಬೇಕೋ ಮದಿವಿದ್ದು ಹಿಡೀಬೇಕೋ ಅಂತ ಹಿಂದಿನ ಬೆಂಚಿನಾಕಿ ಕೇಳಿದ್ಲು, ಸರ್ ಡಸ್ಟರ್ ಇಟ್ಟು ನಕ್ಕೋತ ಕೂತ್ರು. ಆ ಒಂದ್ ತಾಸಿನ ಕ್ಲಾಸ್ 2500ರ ಪ್ಯಾಕೇಜಿಗಿಂತ ಛಲೋ ಇತ್ತು.

ಕ್ಲಾಸಿಗಿ ಐದಕ್ಕ ನಾಕು ಕೊಡ್ತೀನಿ, ಕೌಂಟರಿಗಿ ಒಂದೂ ಇಲ್ಲ. ಮೂರನೇ ಮಾಳಗಿ, ಲಿಫ್ಟ್ ಇಲ್ಲ, ಕೊನೀ ಸಾಲಿನ ಫ್ಯಾನ್ ತಿರಗಂಗಿಲ್ಲ, ಏಪ್ರಿಲ್ ಬಿಸಲಾಗ ಸೇರಬ್ಯಾಡ್ರಿ. ಮತ್ತ ರೊಕ್ಕ ಕೊಡುವಾಗ ರಸೀದಿ ಕೇಳ್ರಿ, ಆ 2500ಕ್ಕ ನನ್ ಹತ್ರ ರಸೀದಿನೂ ಇಲ್ಲ.