ಹಾಸಿಗೆ ಒದ್ದೆ ಮಾಡುವ ಮಕ್ಕಳ ಅಲಾರಂ: ವಿಮೆಯಿಂದಲೋ, ಎಫ್‌ಎಸ್‌ಎಯಿಂದಲೋ?

ಒಳಉಡುಪಿಗೆ ಸಿಕ್ಕಿಸಿದ ಸೆನ್ಸರ್‌ಗೆ ಮೊದಲ ಹನಿ ತಾಗಿದೊಡನೆ ಸದ್ದು ಮಾಡಿ ಮಗುವನ್ನು ಎಬ್ಬಿಸುವ ಅಲಾರಂ ಅನ್ನು ಅಮೆರಿಕದಲ್ಲಿ ನಾವು ಎರಡು ಬಾರಿ ಕೊಂಡಿದ್ದೇವೆ. ಹಿರಿಯ ಮಗನಿಗೆ ಆರೋಗ್ಯ ವಿಮೆಯ ಮೂಲಕ, ಮುಂದೆ ಮಗಳಿಗೆ ಎಫ್‌ಎಸ್‌ಎಯಿಂದ, ಅಂದರೆ ಸಂಬಳದ ಒಂದು ಪಾಲನ್ನು ತೆರಿಗೆಯಿಲ್ಲದೆ ವೈದ್ಯಕೀಯ ವೆಚ್ಚಕ್ಕೆಂದು ಎತ್ತಿಡುವ, ಉದ್ಯೋಗದ ಜೊತೆ ಬರುವ ಖಾತೆಯಿಂದ. (ಈ ತೊಂದರೆ ಒಂದೇ ಕುಟುಂಬದಲ್ಲಿ ಮರುಕಳಿಸುವುದು ಸಾಮಾನ್ಯ.)

ವಿಮೆಯ ದಾರಿ ಉದ್ದವಾದದ್ದು. ಈ ಉಪಕರಣಕ್ಕೆ ಎಸ್8270 ಎಂಬ ಬಿಲ್ಲಿಂಗ್ ಕೋಡ್ ಇದೆಯಾದರೂ, ಕೋಡ್ ಇದ್ದ ಮಾತ್ರಕ್ಕೆ ಹಣ ಸಿಗುವುದಿಲ್ಲ. ವೈದ್ಯರ ಚೀಟಿ, ರೋಗನಿರ್ಣಯದ ಕೋಡ್ ಮತ್ತು ಚಿಕಿತ್ಸೆಗೆ ಇದು ಅಗತ್ಯವೆಂದು ವಿವರಿಸುವ ಪತ್ರ, ಇವೆಲ್ಲವನ್ನೂ ಕೊಟ್ಟ ಮೇಲೂ ನಮ್ಮ ವಿಮಾ ಕಂಪನಿಯು ಪಾಲಿಸಿಯಿಂದ ಹೊರಗಿಟ್ಟ ವಸ್ತುವೆಂದು ಕ್ಲೇಮ್ ಅನ್ನು ತಿರಸ್ಕರಿಸಿತು. ತಿರಸ್ಕಾರದ ಪತ್ರ ಕೈಸೇರಿದ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ. ನಾವು ಸಲ್ಲಿಸಿದೆವು, ಮಂಜೂರಾತಿಯೂ ಬಂದಿತು. ಆದರೆ ಆ ವರ್ಷದ ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮೊದಲು ನಾವೇ ಭರಿಸಬೇಕಾದ ಮೊತ್ತ) ಇನ್ನೂ ತುಂಬದಿದ್ದುದರಿಂದ ಪೂರ್ತಿ ಮೊತ್ತ ನಮ್ಮ ಲೆಕ್ಕಕ್ಕೇ ಬಿದ್ದಿತು. ಅದೇ ಕಂಪನಿ, ರಾತ್ರಿ ಮೂತ್ರದ ಪ್ರಮಾಣವನ್ನು ತಗ್ಗಿಸುವ ಡೆಸ್ಮೊಪ್ರೆಸಿನ್ ಮಾತ್ರೆಗೆ ಯಾವ ತಕರಾರನ್ನೂ ಮಾಡಲಿಲ್ಲ. ಆ ಮಾತ್ರೆ ಬೇಗ ಫಲ ಕೊಡುತ್ತದೆ, ನಿಲ್ಲಿಸಿದ ಮೇಲೆ ತೊಂದರೆ ಅನೇಕ ಮಕ್ಕಳಲ್ಲಿ ಮರಳುತ್ತದೆ. ತಿಂಗಳು ತಿಂಗಳೂ ಮಾತ್ರೆಗೆ ಹಣ ಕೊಡಲು ಒಪ್ಪುವವರು ಒಮ್ಮೆ ಕೊಳ್ಳುವ ಅಲಾರಂಗೆ ಒಪ್ಪದಿರುವ ತರ್ಕ ನನಗೆ ಇಂದಿಗೂ ಹಿಡಿಸಿಲ್ಲ.

ಎಫ್‌ಎಸ್‌ಎಯಲ್ಲಿ ಇಂಥ ವಾದವೇ ಇರಲಿಲ್ಲ. ಅಲಾರಂ ಅಲ್ಲಿ ಅರ್ಹ ವೈದ್ಯಕೀಯ ವೆಚ್ಚ. ರಸೀದಿ ಸಲ್ಲಿಸಿದೆವು, ಹಣ ಬಂದಿತು. ಇಡೀ ವರ್ಷಕ್ಕೆ ಗೊತ್ತುಪಡಿಸಿದ ಮೊತ್ತ ಮೊದಲ ದಿನದಿಂದಲೇ ಬಳಕೆಗೆ ಸಿಗುವುದು ಇದರ ದೊಡ್ಡ ಅನುಕೂಲ. ಆದರೆ ಅದು ನಮ್ಮದೇ ಸಂಬಳದ ಹಣವಾದ್ದರಿಂದ ಉಳಿತಾಯವಾಗುವುದು ತೆರಿಗೆ ಮಾತ್ರ, ಮತ್ತು ವರ್ಷಾಂತ್ಯಕ್ಕೆ ಖರ್ಚಾಗದೆ ಉಳಿದದ್ದು ಬಹುಮಟ್ಟಿಗೆ ಕೈತಪ್ಪುತ್ತದೆ.

ಹೆರಿಗೆಯೋ ಶಸ್ತ್ರಚಿಕಿತ್ಸೆಯೋ ಆಗಿ ಡಿಡಕ್ಟಿಬಲ್ ಆಗಲೇ ತುಂಬಿರುವ ವರ್ಷದಲ್ಲಿ ವಿಮೆಯನ್ನೇ ಮೊದಲು ಕೇಳುವುದು ಸರಿ. ಕಡಿಮೆ ಆದಾಯದವರ ಸರ್ಕಾರಿ ವಿಮೆಯಾದ ಮೆಡಿಕೈಡ್‌ನಲ್ಲಿರುವ ಮಕ್ಕಳ ಪೋಷಕರೂ ಹಾಗೆಯೇ ಮಾಡಬೇಕು. ಉಳಿದವರಿಗೆ ನನ್ನ ಆಯ್ಕೆ ಎಫ್‌ಎಸ್‌ಎ. ಒಂದೇ ವೆಚ್ಚಕ್ಕೆ ಎರಡೂ ಕಡೆ ಹಣ ಪಡೆಯುವಂತಿಲ್ಲ, ಆದರೆ ವಿಮೆ ನಮ್ಮ ಮೇಲೆ ಬಿಟ್ಟ ಪಾಲನ್ನು ಎಫ್‌ಎಸ್‌ಎಯಿಂದ ತುಂಬಿಸಿಕೊಳ್ಳಬಹುದು. ಮಗನ ಅಲಾರಂನ ಹಣವೂ ನಮಗೆ ಕೊನೆಗೆ ಹಾಗೆಯೇ ಬಂದಿತು.