ಡಬ್ಬಿ ಹುಡುಕಲೆಂದು ಕೊಂಡ ಫೋನ್: ಸೂಪರ್ ಮಾರ್ಕೆಟ್‌ನಿಂದ ತೊಗರಿ ಹೊಲದವರೆಗೆ

ಜಿಯೋಕ್ಯಾಶಿಂಗ್ ಎಂಬ ಡಬ್ಬಿ ಹುಡುಕುವ ಆಟಕ್ಕೆ ಸರಿಹೊಂದುವ ಫೋನೊಂದನ್ನು ಅರಸಿ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳನ್ನು ಎರಡು ದಿನ ಸುತ್ತಿ, ಕಳೆದ ದಸರೆಯ ಮುಂಚೆ ಒಂದನ್ನು ಕೊಂಡೆ. ತೊಗರಿ ರಾಶಿಯ ಕಾಲದಿಂದ ಈ ಬೇಸಿಗೆಯ ಕೊನೆಯವರೆಗೆ ಕಲಬುರಗಿ, ಬೀದರ್ ಎರಡೂ ಕಡೆ ಅದನ್ನು ಬಳಸಿ ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಫೋನಿನ ಮಾದರಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಮಾದರಿಗಳು ವರ್ಷ ತುಂಬುವುದರೊಳಗೆ ಬದಲಾಗುತ್ತವೆ, ಒಂದೇ ಹೆಸರಿನ ಫೋನಿಗೆ ಒಂದು ದೇಶದಲ್ಲಿ ಒಂದು ಚಿಪ್, ಇನ್ನೊಂದು ದೇಶದಲ್ಲಿ ಬೇರೆಯೇ ಚಿಪ್ ಇರುವುದೂ ಉಂಟು. ಯಾವ ಗುಣವನ್ನು ನೋಡಿ ಕೊಳ್ಳಬೇಕು, ಅದನ್ನು ಅಂಗಡಿಯಲ್ಲೇ ಹೇಗೆ ಪರೀಕ್ಷಿಸಬೇಕು ಎಂಬುದು ತಿಳಿದಿದ್ದರೆ ಯಾವ ವರ್ಷದಲ್ಲಾದರೂ ಸರಿಯಾದ ಫೋನನ್ನೇ ಆರಿಸಬಹುದು.

ಆಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಯಾರೋ ಒಬ್ಬರು ನೀರು ಹೋಗದ ಸಣ್ಣ ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕವನ್ನಿಟ್ಟು ಅದನ್ನು ಎಲ್ಲೋ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಹುಡುಕಿಕೊಂಡು ಹೋಗಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ಯಾಶ್ ಎನ್ನುತ್ತಾರೆ, ಆದರೆ ಆ ಶಬ್ದ ನಮ್ಮಲ್ಲಿ ರೊಕ್ಕಕ್ಕೆ ಸಲ್ಲುವುದರಿಂದ ನಾನು ಡಬ್ಬಿ ಎಂದೇ ಬರೆಯುತ್ತೇನೆ. ಜಿಪಿಎಸ್ ಸಂಕೇತವನ್ನು ಜನಬಳಕೆಗೆ ಬೇಕೆಂದೇ ಮಸುಕುಗೊಳಿಸುತ್ತಿದ್ದ ಕ್ರಮವನ್ನು ಅಮೆರಿಕ ಸರ್ಕಾರ 2000ದ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ಟನ್ನು ಅಡಗಿಸಿ, ಅದರ ನಿರ್ದೇಶಾಂಕಗಳನ್ನು ಅಂತರ್ಜಾಲದಲ್ಲಿ ಹಾಕಿದರು. ಅಲ್ಲಿಯವರೆಗೆ ಸುಮಾರು ನೂರು ಮೀಟರಿನವರೆಗೆ ತಪ್ಪುತ್ತಿದ್ದ ಉಪಕರಣ ಒಮ್ಮೆಲೇ ಕೆಲವೇ ಮೀಟರಿನೊಳಗೆ ಜಾಗ ತೋರಿಸತೊಡಗಿದ್ದರಿಂದಲೇ ಈ ಆಟ ಹುಟ್ಟಿತು. ಹೀಗಿರುವಾಗ ಇದಕ್ಕೆಂದು ಫೋನ್ ಕೊಳ್ಳುವವರು ಕ್ಯಾಮೆರಾವನ್ನೂ ರ‍್ಯಾಮನ್ನೂ ಮೊದಲು ನೋಡುವುದು ನನಗೆ ಸರಿಕಾಣುವುದಿಲ್ಲ.

ನಾನು ಮೊದಲು ನೋಡಿದ್ದು ಫೋನ್ ಎರಡು ಆವರ್ತನಗಳಲ್ಲಿ ಉಪಗ್ರಹ ಸಂಕೇತ ಹಿಡಿಯುತ್ತದೆಯೇ ಎಂಬುದನ್ನು. ಸಾಮಾನ್ಯ ಫೋನ್‌ಗಳು 1575.42 ಮೆಗಾಹರ್ಟ್ಸ್‌ನ ಎಲ್1 ಸಂಕೇತವನ್ನಷ್ಟೇ ಕೇಳುತ್ತವೆ. ಬಯಲಿನಲ್ಲಿ ಅಷ್ಟು ಸಾಕು, ತೆರೆದ ಆಕಾಶದಡಿ ಇಂಥ ಫೋನ್ ಸಾಮಾನ್ಯವಾಗಿ ಐದು ಮೀಟರಿನೊಳಗೆ ನಿಲ್ಲುತ್ತದೆ. ತೊಂದರೆ ಆರಂಭವಾಗುವುದು ಗೋಡೆಯ ಪಕ್ಕದಲ್ಲಿ. ಬೀದರ್ ಕೋಟೆಯ ಕೆಂಗಲ್ಲಿನ ಎತ್ತರದ ಗೋಡೆಗಳ ಬದಿಯಲ್ಲೋ, 1472ರಲ್ಲಿ ಕಟ್ಟಿದ ಮಹಮೂದ್ ಗವಾನರ ಮದರಸಾದ ಮಿನಾರಿನ ಬುಡದಲ್ಲೋ ನಿಂತಾಗ ಉಪಗ್ರಹದ ಸಂಕೇತ ನೇರವಾಗಿಯೂ ಬರುತ್ತದೆ, ಕಲ್ಲಿಗೆ ಬಡಿದು ಸುತ್ತಿಯೂ ಬರುತ್ತದೆ. ಸುತ್ತಿ ಬಂದದ್ದು ತಡವಾಗಿ ತಲುಪುವುದರಿಂದ ಫೋನ್ ದೂರವನ್ನು ತಪ್ಪಾಗಿ ಎಣಿಸಿ, ನಾವು ನಿಂತಲ್ಲೇ ನಿಂತಿದ್ದರೂ ನಕ್ಷೆಯ ಮೇಲಿನ ಚುಕ್ಕೆಯನ್ನು ಅತ್ತಿತ್ತ ಓಡಾಡಿಸುತ್ತದೆ. 1176.45 ಮೆಗಾಹರ್ಟ್ಸ್‌ನ ಎಲ್5 ಸಂಕೇತದ ಕೋಡ್, ಅಂದರೆ ದೂರ ಅಳೆಯಲು ಉಪಗ್ರಹ ಕಳಿಸುವ ತುಣುಕುಗಳ ಸರಣಿ, ಎಲ್1ರ ಸಾಮಾನ್ಯ ಕೋಡ್‌ಗಿಂತ ಹತ್ತುಪಟ್ಟು ವೇಗದ್ದು. ಅಲ್ಲಿ ಕೋಡಿನ ಒಂದೊಂದು ತುಣುಕು ಸುಮಾರು 300 ಮೀಟರ್ ಉದ್ದವಿದ್ದರೆ ಇಲ್ಲಿ ಸುಮಾರು 30 ಮೀಟರ್. ತುಣುಕು ಚಿಕ್ಕದಾದಷ್ಟೂ ನೇರ ಬಂದ ಸಂಕೇತವನ್ನು ಸುತ್ತಿ ಬಂದದ್ದರಿಂದ ಬೇರ್ಪಡಿಸುವುದು ಸುಲಭವಾಗುತ್ತದೆ. 2018ರಲ್ಲಿ ಶಿಯೋಮಿಯ ಎಂಐ 8 ಈ ಎರಡೂ ಆವರ್ತನಗಳನ್ನು ಹಿಡಿಯುವ ಮೊದಲ ಫೋನಾಗಿ ಬಂತು, ಐಫೋನ್‌ಗಳಲ್ಲಿ ಈ ಸೌಲಭ್ಯ 2022ರ 14 ಪ್ರೊದೊಂದಿಗೆ ಬಂತು. ಈಗ ಮಧ್ಯಮ ಬೆಲೆಯ ಹಲವು ಫೋನ್‌ಗಳಲ್ಲಿಯೂ ಇದೆ. ಆದರೆ ಪೆಟ್ಟಿಗೆಯ ಮೇಲೆ ಬರೆದಿರುವುದು ಅಪರೂಪ.

ಜಿಪಿಎಸ್‌ನಂತೆಯೇ ಉಪಗ್ರಹಗಳಿಂದ ಸ್ಥಳ ತೋರಿಸುವ, ಭಾರತದ್ದೇ ಆದ ನಾವಿಕ್ ಬಗ್ಗೆಯೂ ಹೇಳಬೇಕು. ಈ ವ್ಯವಸ್ಥೆಯ ಉಪಗ್ರಹಗಳು ಭಾರತದ ಆಕಾಶದಲ್ಲಿ ಎತ್ತರದಲ್ಲಿ ಕಾಣುವಂತೆ ಇರುವುದರಿಂದ ಗೋಡೆ, ಮರಗಳ ನಡುವೆಯೂ ಅವುಗಳ ಸಂಕೇತ ಸಿಗುವ ಸಾಧ್ಯತೆ ಹೆಚ್ಚು, ಜೊತೆಗೆ ಅವು ಎಲ್5ರಲ್ಲಿಯೇ ಮಾತನಾಡುತ್ತವೆ. ಹಳೆಯ ಕೆಲವು ಉಪಗ್ರಹಗಳ ಪರಮಾಣು ಗಡಿಯಾರಗಳು ಕೆಟ್ಟಿರುವುದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಎಲ್1ರಲ್ಲಿಯೂ ಸಂಕೇತ ಕಳಿಸುವ ಹೊಸ ತಲೆಮಾರಿನ ಉಪಗ್ರಹ. ಅಮೆರಿಕದ ಜಿಪಿಎಸ್, ಯೂರೋಪಿನ ಗೆಲಿಲಿಯೋ, ರಷ್ಯಾದ ಗ್ಲೊನಾಸ್, ಚೀನಾದ ಬೈದೌ ಜೊತೆಗೆ ನಾವಿಕ್ ಕೂಡ ಇದ್ದರೆ ಒಳ್ಳೆಯದು ಎಂಬುದಷ್ಟೇ ನನ್ನ ಅಭಿಪ್ರಾಯ.

ಎರಡನೆಯದು ದಿಕ್ಸೂಚಿ. ಕಡಿಮೆ ಬೆಲೆಯ ಕೆಲವು ಫೋನ್‌ಗಳಲ್ಲಿ ಕಾಂತತ್ವ ಅಳೆಯುವ ಸೆನ್ಸಾರನ್ನೇ ಬಿಟ್ಟಿರುತ್ತಾರೆ. ನನ್ನ ಹಳೆಯ ಫೋನ್ ಅಂಥದ್ದು: ನಡೆಯುತ್ತಿರುವಾಗ ಬಾಣ ದಾರಿ ತೋರಿಸುತ್ತಿತ್ತು, ನಿಂತ ಕೂಡಲೇ ಯಾವ ಕಡೆಗೆ ತಿರುಗಿದ್ದೇನೆ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಡಬ್ಬಿ ಹುಡುಕುವವನು ನಿಂತು ಸುತ್ತ ನೋಡುವುದು ಕೊನೆಯ ಹತ್ತು ಹೆಜ್ಜೆಗಳಲ್ಲಿ, ಬಾಣ ಕೈಕೊಡುತ್ತಿದ್ದುದೂ ಅಲ್ಲಿಯೇ. ಅದನ್ನು ಮಾರಿದ್ದ ಅಂಗಡಿಯಲ್ಲಿ "ಎಲ್ಲಾ ಫೋನ್‌ನಾಗೂ ಜಿಪಿಎಸ್ ಒಂದೇ ಇರ್ತದ್ರಿ" ಎಂದು ಹೇಳಿದ್ದರು. ಆ ಮಾತನ್ನು ನಂಬಿ ಎರಡು ವರ್ಷ ಕಷ್ಟಪಟ್ಟೆ.

ಈ ಸಲ ಕೊಂಡ ಅಂಗಡಿ ಬೇರೆಯದು, ಅವರ ಸೇವೆಯನ್ನು ಮನಸಾರೆ ಮೆಚ್ಚುತ್ತೇನೆ. ಪ್ರದರ್ಶನಕ್ಕಿಟ್ಟ ಫೋನ್‌ಗಳಲ್ಲಿ ಜಿಪಿಎಸ್‌ಟೆಸ್ಟ್ ಎಂಬ ಉಚಿತ ಆಪ್ ಹಾಕಿ, ಆಕಾಶ ಕಾಣುವಲ್ಲಿ ಐದು ನಿಮಿಷ ಹಿಡಿದು ನೋಡಬೇಕು ಎಂದು ಕೇಳಿದಾಗ ಮಾಲೀಕರು ಬೇಸರಿಸದೆ, "ಹೊರಗ ಹೋಗಿ ನೋಡ್ರಿ ಸರ್, ನಮ್ಮ ಹುಡುಗ ಜೊತಿಗಿ ಬರ್ತಾನ" ಎಂದರು. ಫುಟ್‌ಪಾತಿನ ಮೇಲೆ ನಿಂತು ಮೂರು ಫೋನ್‌ಗಳನ್ನು ಒಂದರ ಪಕ್ಕ ಒಂದು ಹಿಡಿದು ನೋಡಿದೆವು. ಆ ಆಪ್ ಪ್ರತಿ ಉಪಗ್ರಹದ ಎದುರಿಗೆ ಅದು ಯಾವ ದೇಶದ್ದೆಂದು ಬಾವುಟದಿಂದಲೂ, ಯಾವ ಆವರ್ತನದಲ್ಲಿ ಕೇಳುತ್ತಿದೆ ಎಂದು ಎಲ್1, ಎಲ್5 ಎಂಬ ಗುರುತಿನಿಂದಲೂ ತೋರಿಸುತ್ತದೆ. ಮೂರರಲ್ಲಿ ಹೆಚ್ಚು ಬೆಲೆಯದರಲ್ಲಿ ಎಲ್5 ಒಂದು ಸಾಲೂ ಕಾಣಲಿಲ್ಲ, ಅದಕ್ಕಿಂತ ಅಗ್ಗದ್ದರಲ್ಲಿ ಸಾಲುಸಾಲಾಗಿ ಕಂಡಿತು, ನಡುವೆ ತ್ರಿವರ್ಣವೂ ಇತ್ತು. ನಾನು ಕೊಂಡದ್ದು ಅದನ್ನೇ. ಆನ್‌ಲೈನಿನಲ್ಲಿ ತುಸು ಕಡಿಮೆಗೆ ಸಿಗುತ್ತಿತ್ತೇನೋ, ಆದರೆ ರೊಕ್ಕ ಕೊಡುವ ಮುಂಚೆ ಆಕಾಶದ ಕೆಳಗೆ ನಿಲ್ಲಿಸಿ ನೋಡುವ ಅವಕಾಶ ಅಲ್ಲಿಲ್ಲ.

ಮನೆಗೆ ತಂದ ಮೇಲೆ ಫೋನನ್ನು ಸಜ್ಜುಗೊಳಿಸಲು ಒಂದು ಸಂಜೆ ಹಿಡಿಯಿತು. ಲೊಕೇಶನ್ ಅನುಮತಿ ಕೊಡುವಾಗ ನಿಖರ ಸ್ಥಳವನ್ನೇ ಆರಿಸಬೇಕು, ಅಂದಾಜು ಸ್ಥಳ ಎಂಬುದನ್ನು ಒತ್ತಿದರೆ ಆಪ್‌ಗೆ ಓಣಿ ಸಿಕ್ಕೀತು, ಡಬ್ಬಿ ಸಿಗುವುದಿಲ್ಲ. ಬ್ಯಾಟರಿ ಉಳಿತಾಯದ ಹೆಸರಿನಲ್ಲಿ ಫೋನ್ ತಾನಾಗಿಯೇ ಆಪ್‌ಗಳನ್ನು ಮಲಗಿಸುವುದನ್ನು ಈ ಒಂದು ಆಪ್‌ನ ಮಟ್ಟಿಗೆ ನಿಲ್ಲಿಸಬೇಕು. ಹೊರಡುವ ಮುಂಚೆ ಇಂಟರ್ನೆಟ್ ಇರುವಲ್ಲಿ ಒಮ್ಮೆ ನಕ್ಷೆ ತೆರೆದು ಸ್ಥಳ ಹಿಡಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. ನೆಟ್‌ವರ್ಕ್ ಇದ್ದಾಗ ಫೋನ್ ಉಪಗ್ರಹಗಳ ಕಕ್ಷೆಯ ಮಾಹಿತಿಯನ್ನು ಕ್ಷಣದಲ್ಲಿ ಇಳಿಸಿಕೊಳ್ಳುತ್ತದೆ, ಇಲ್ಲವಾದರೆ ಪ್ರತಿ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಜಿಪಿಎಸ್ ಉಪಗ್ರಹವೊಂದು ಇಡೀ ಸಮೂಹದ ಪಂಚಾಂಗವನ್ನು, ಅಂದರೆ ಎಲ್ಲ ಉಪಗ್ರಹಗಳ ಕಕ್ಷೆಯ ಸ್ಥೂಲ ವಿವರವನ್ನು, ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಒಮ್ಮೆ ಹಿಡಿದ ಮೇಲೆ ಏರ್‌ಪ್ಲೇನ್ ಮೋಡ್‌ನಲ್ಲಿಯೂ ಉಪಗ್ರಹ ಸಂಕೇತ ಬರುತ್ತಲೇ ಇರುತ್ತದೆ, ಅದರಿಂದ ಬ್ಯಾಟರಿ ಬಹಳ ಉಳಿಯುತ್ತದೆ.

ಆಪ್‌ಗಳಲ್ಲಿ ನಾನು ನೆಚ್ಚಿದ್ದು ಸಿ:ಜಿಯೋ. ಇದು ಆಂಡ್ರಾಯ್ಡ್‌ಗೆ ಮಾತ್ರ ಇರುವ, ಸ್ವಯಂಸೇವಕರು ಕಟ್ಟಿ ನಡೆಸುತ್ತಿರುವ ಉಚಿತ ಮುಕ್ತ ತಂತ್ರಾಂಶ. ಜಿಯೋಕ್ಯಾಶಿಂಗ್ ತಾಣದಲ್ಲಿ ಖಾತೆ ತೆರೆದು ಇದರಲ್ಲಿ ಲಾಗಿನ್ ಆದರೆ ಸುತ್ತಲಿನ ಡಬ್ಬಿಗಳ ವಿವರವನ್ನು ಫೋನಿನಲ್ಲಿ ಉಳಿಸಿಕೊಳ್ಳಬಹುದು, ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆಯನ್ನು ಮೊದಲೇ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದ ಹೊಲದಲ್ಲಿಯೂ ನೋಡಬಹುದು, ಡಬ್ಬಿ ಸಿಕ್ಕಿತೆಂಬ ದಾಖಲೆಯನ್ನು ಅಲ್ಲೇ ಬರೆದಿಟ್ಟು ಮನೆಗೆ ಬಂದ ಮೇಲೆ ಕಳಿಸಬಹುದು. ಇದರ ಮಿತಿಯನ್ನೂ ಹೇಳಬೇಕು: ಇದು ಅಧಿಕೃತ ಆಪ್ ಅಲ್ಲ, ತಾಣದ ಪುಟಗಳನ್ನೇ ಓದಿಕೊಂಡು ಕೆಲಸ ಮಾಡುತ್ತದೆ, ಹೀಗಾಗಿ ತಾಣ ಬದಲಾದಾಗ ಹೊಸ ಆವೃತ್ತಿ ಬರುವವರೆಗೆ ಕಾಯಬೇಕಾಗಬಹುದು. ಐಫೋನ್ ಇರುವವರಿಗೆ ಅಧಿಕೃತ ಆಪ್ ಇದೆ, ಅದು ಹೊಸಬರಿಗೆ ಹೆಚ್ಚು ಸರಳ.

ನಿರ್ದೇಶಾಂಕ ಬರೆಯುವ ರೀತಿಯಲ್ಲಿ ಹೊಸಬರು ತಪ್ಪುವುದು ಹೆಚ್ಚು. ಈ ಆಟದಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷಗಳ ಪದ್ಧತಿ ನಡೆಯುತ್ತದೆ. ಉತ್ತರ 17 ಡಿಗ್ರಿ 20.500 ನಿಮಿಷ ಎಂಬುದನ್ನು ಅವಸರದಲ್ಲಿ 17.20500 ಡಿಗ್ರಿ ಎಂದು ತುಂಬಿದರೆ ಅಕ್ಷಾಂಶ ಒಂದರಲ್ಲೇ ಸುಮಾರು 15 ಕಿಲೋಮೀಟರು ದಕ್ಷಿಣಕ್ಕೆ ಜಾರುತ್ತೇವೆ, ಕಲಬುರಗಿ ನಗರದೊಳಗೆ ಇರಬೇಕಾದ ಡಬ್ಬಿಯನ್ನು ಯಾರದೋ ಹೊಲದಲ್ಲಿ ಹುಡುಕುತ್ತೇವೆ. ಸರಿಯಾಗಿ ತುಂಬಿದರೆ ನಿಮಿಷದ ಮೂರನೆಯ ದಶಮಾಂಶ ಸ್ಥಾನ ಅಕ್ಷಾಂಶದಲ್ಲಿ 1.85 ಮೀಟರಿಗೆ, ನಮ್ಮ ಭಾಗದ ರೇಖಾಂಶದಲ್ಲಿ ಸುಮಾರು 1.77 ಮೀಟರಿಗೆ ಸಮ.

ನಿಜವಾದ ಪರೀಕ್ಷೆ ನಡೆದದ್ದು ಎಳ್ಳಮಾವಾಸ್ಯೆಯಂದು. ಯೂರೋಪಿನ ನಗರಗಳಂತೆ ನಮ್ಮಲ್ಲಿ ಹೆಜ್ಜೆಗೊಂದು ಡಬ್ಬಿ ಇಲ್ಲದ ಕಾರಣ ಅಭ್ಯಾಸಕ್ಕೆಂದು ಆಳಂದ ರಸ್ತೆಯ ಕಡೆಗಿರುವ ಅಕ್ಕನ ಮನೆಯವರ ಹೊಲದಲ್ಲಿ, ಅವರ ಒಪ್ಪಿಗೆ ಪಡೆದು, ಒಂದು ಡಬ್ಬಿಯನ್ನು ಬೇವಿನ ಮರದ ಬುಡದ ಕಲ್ಲುಗಳ ನಡುವೆ ಇಟ್ಟಿದ್ದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಊಟವಾದ ಮೇಲೆ ಮಕ್ಕಳಿಗೆ ಎರಡೂ ಫೋನ್ ಕೊಟ್ಟು ಕಳಿಸಿದೆ. ಹಳೆಯ ಫೋನ್ ಹಿಡಿದವರು ಪಕ್ಕದ ಬದುವಿನ ತನಕ ಹೋಗಿ ತಿರುಗುತ್ತಿದ್ದರು. ಹೊಸದನ್ನು ಹಿಡಿದ ಅಕ್ಕನ ಮಗ ಮರದ ನೆರಳಿಗೆ ನೇರ ಬಂದ, ಬಂದವನೇ "ಮಾಮಾ, ಬಾಣ ಗಿರಗಿರ ತಿರಗ್ಲಿಕತ್ತದ" ಎಂದು ಕೂಗಿದ. ನೋಡಿದರೆ ತಪ್ಪು ಫೋನಿನದಾಗಿರಲಿಲ್ಲ, ನಾನು ಅದಕ್ಕೆ ತೊಡಿಸಿದ್ದ ಪುಸ್ತಕದಂಥ ಕವರಿನ ಬಾಯಿಗೆ ಅಯಸ್ಕಾಂತ ಇತ್ತು. ಕವರ್ ಕಳಚಿ, ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಾಲ್ಕಾರು ಸಲ ತಿರುಗಿಸಿದ ಕೂಡಲೇ ಬಾಣ ನೆಟ್ಟಗಾಯಿತು, ಡಬ್ಬಿ ಅವನ ಕೈಯಳತೆಯಲ್ಲೇ ಇತ್ತು. ಮರುವಾರ ಅದೇ ಅಂಗಡಿಯವರು ಆ ಕವರನ್ನು ಹಿಂದಕ್ಕೆ ಪಡೆದು ಅಯಸ್ಕಾಂತವಿಲ್ಲದ ಸಾದಾ ರಬ್ಬರ್ ಕವರ್ ಕೊಟ್ಟರು.

ಬೀದರ್‌ನಲ್ಲಿ ಪರೀಕ್ಷೆ ಇನ್ನಷ್ಟು ಕಠಿಣವಾಗಿತ್ತು. ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಎದುರಿನ ಬಯಲಲ್ಲಿ ಎರಡೂ ಫೋನ್‌ಗಳು ಹೆಚ್ಚುಕಡಿಮೆ ಒಂದೇ ಜಾಗ ತೋರಿಸಿದವು. ಗೋಡೆಯ ಬದಿಗೆ ಹೋದ ಮೇಲೆ ಹಳೆಯದರ ಚುಕ್ಕೆ ಗೋಡೆ ದಾಟಿ ಆಚೆ ಹೋಯಿತು, ಹೊಸದರದು ಸ್ವಲ್ಪ ಅಲುಗಾಡಿದರೂ ಈಚೆಯೇ ಉಳಿಯಿತು. ದಪ್ಪ ಕಮಾನುಗಳ ಒಳಗೆ ಮಾತ್ರ ಎರಡೂ ಸೋತವು, ಕಲ್ಲಿನ ಚಾವಣಿಯ ಕೆಳಗೆ ಆಕಾಶವೇ ಕಾಣದಿದ್ದಾಗ ಯಾವ ಆವರ್ತನವೂ ನೆರವಾಗದು. ಇಂಥ ಸ್ಮಾರಕಗಳಲ್ಲಿ ಡಬ್ಬಿ ಅಡಗಿಸುವ ಯೋಚನೆಯನ್ನು ಯಾರೂ ಮಾಡಬಾರದು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಡಿ ರಕ್ಷಿತವಾದ ಕಟ್ಟಡದ ಒಂದು ಕಲ್ಲನ್ನೂ ನಮ್ಮ ಆಟಕ್ಕಾಗಿ ಅಲುಗಿಸಲಾಗದು, ಹುಡುಕುವವರು ಸಂದು ಸಂದಿಗೆ ಕೈಹಾಕುವುದೇ ಅವಕ್ಕೆ ಹಾನಿ. ಆಟದ ನಿಯಮಗಳೂ ಜಾಗದ ಒಡೆಯರ ಅನುಮತಿ ಇರಬೇಕೆನ್ನುತ್ತವೆ, ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಕೇಳುತ್ತವೆ. ಡಬ್ಬಿಯೇ ಇಲ್ಲದೆ ನೆಲದ ರಚನೆಯನ್ನು ನೋಡಿ ಉತ್ತರ ಬರೆಯುವ ಅರ್ಥ್‌ಕ್ಯಾಶ್ ಎಂಬ ಬಗೆಯೂ ಉಂಟು. ಕೆಂಪು ಜಂಬಿಟ್ಟಿಗೆಯ ಬೀದರಿಗೆ ಅದು ಚೆನ್ನಾಗಿ ಒಪ್ಪುತ್ತದೆ ಎಂದು ನನ್ನ ಅನಿಸಿಕೆ.

ಧೂಳು, ಮಳೆಗೆ ಐಪಿ68 ಅಥವಾ ಐಪಿ67 ಗುರುತು ಇದ್ದರೆ ಸಾಕು, ಅದರಲ್ಲಿ ಮೊದಲ ಅಂಕಿ 6 ಎಂದರೆ ಧೂಳು ಒಳಹೋಗದು ಎಂದರ್ಥ. ಹೊಸ ಫೋನಿನ ಬಗ್ಗೆ ನನಗಿರುವ ಒಂದೇ ಅಸಮಾಧಾನ ಬಿಸಿಲಿನದು. ಫೋನ್‌ಗಳನ್ನು ಸಾಮಾನ್ಯವಾಗಿ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಯಲ್ಲಿ ಬಳಸಲು ಹೇಳುತ್ತಾರೆ, ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ 40 ದಾಟುವುದು ಮಾಮೂಲು. ಹನ್ನೊಂದು ಗಂಟೆಯ ನಂತರ ನಕ್ಷೆ ತೆರೆದಿಟ್ಟು ನಡೆದರೆ ಕೆಲವೇ ನಿಮಿಷಗಳಲ್ಲಿ ಪರದೆ ತಾನಾಗಿಯೇ ಮಂಕಾಗುತ್ತದೆ, ಪವರ್ ಬ್ಯಾಂಕ್ ಜೋಡಿಸಿದರೂ ಚಾರ್ಜ್ ಏರುವುದಿಲ್ಲ. ಕೊಳ್ಳುವಾಗ ಪರದೆಯ ಹೊಳಪನ್ನು ಅಂಗಡಿಯ ದೀಪದಡಿ ನೋಡದೆ ಹೊರಗಿನ ಬಿಸಿಲಲ್ಲಿ ನೋಡಿದ್ದರಿಂದ ಬೆಳಗಿನ ಹೊತ್ತು ಓದಲು ಯಾವ ತೊಂದರೆಯೂ ಆಗಿಲ್ಲ. ಈ ಬೇಸಿಗೆಯಲ್ಲಿ ನಾನು ಆರಕ್ಕೆ ಹೊರಟು ಒಂಬತ್ತಕ್ಕೆ ಮರಳುವ ರೂಢಿ ಮಾಡಿಕೊಂಡೆ, ಫೋನನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸದೆ ಬಿಳಿ ಬಟ್ಟೆಯ ಚೀಲದಲ್ಲಿಟ್ಟು, ದಾರಿ ನೋಡಬೇಕಾದಾಗಷ್ಟೇ ಹೊರತೆಗೆಯುತ್ತೇನೆ.